ಬೆಳಗಿನ ರೈಲು ಹೊರಟ ಮೇಲೆ ಊರಲ್ಲಿ ಉಳಿಯುವವರು

ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲುಗಳು ಕೆಜಿಎಫ್‌ನ ದುಡಿಯುವ ಕೈಗಳನ್ನು ತುಂಬಿಕೊಂಡು ಬಂಗಾರಪೇಟೆಗೆ ಬರುತ್ತವೆ. ಅಲ್ಲಿ ಇನ್ನಷ್ಟು ಮಂದಿ ಹತ್ತುತ್ತಾರೆ. ಬೆಂಗಳೂರಿನಲ್ಲಿ ದುಡಿದು ಇವರೆಲ್ಲ ಮನೆ ಸೇರುವುದು ಕತ್ತಲಾದ ಮೇಲೆಯೇ. ವಿಪತ್ತು ನಿರ್ವಹಣೆಯ ಮಾತು ಬಂದಾಗಲೆಲ್ಲ ನನಗೆ ಈ ರೈಲುಗಳು ನೆನಪಾಗುತ್ತವೆ. ಹಗಲು ಹನ್ನೊಂದು ಗಂಟೆಗೆ ಬೆಂಕಿ ಬಿದ್ದರೆ, ಮಳೆಗೆ ಗೋಡೆ ಕುಸಿದರೆ, ಮೊದಲ ಅರ್ಧ ಗಂಟೆಯಲ್ಲಿ ನೆರವಿಗೆ ಬರಬೇಕಾದವರು ಯಾರು? ಆಗ ಊರಿನಲ್ಲಿರುವವರು ಹೆಚ್ಚಾಗಿ ವೃದ್ಧರು, ಗೃಹಿಣಿಯರು, ಶಾಲೆಯ ಮಕ್ಕಳು.

ಪರಾವಲಂಬನೆಯ ಬೆಲೆ ಏನೆಂಬುದನ್ನು ಕೆಜಿಎಫ್‌ನಷ್ಟು ಚೆನ್ನಾಗಿ ಬಲ್ಲ ಊರು ನಮ್ಮ ರಾಜ್ಯದಲ್ಲಿ ವಿರಳ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಇಲ್ಲಿನ ಗಣಿಗಳಿಗೆ ವಿದ್ಯುತ್ ತರಲಾಯಿತು. ಬೆಂಗಳೂರಿಗೆ ಅದು ಬಂದದ್ದು 1905ರಲ್ಲಿ. ನೀರು ಬೇತಮಂಗಲದ ಕೆರೆಯಿಂದ ಕೊಳವೆಯಲ್ಲಿ ಬರುತ್ತಿತ್ತು. ಆಸ್ಪತ್ರೆ ಕಂಪೆನಿಯದು, ವಾಸದ ಲೈನ್ ಮನೆಯೂ ಕಂಪೆನಿಯದೇ. ಗಣಿಯೊಳಗಿನ ಬದುಕು ಮಾತ್ರ ಬೇರೆ ಬಗೆಯದು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿ.ಮೀ.ಗೂ ಹೆಚ್ಚಿನ ಆಳದಲ್ಲಿ, ಬಂಡೆ ಸಿಡಿಯುವ ಭಯದ ನಡುವೆ ದುಡಿಯುವವನಿಗೆ ದೀಪ ಆರಿದರೆ ಯಾವ ದಾರಿ ಹಿಡಿಯಬೇಕು, ರಕ್ತ ನಿಲ್ಲಿಸುವುದು ಹೇಗೆ, ಗಾಯಾಳುವನ್ನು ಎತ್ತುವುದು ಹೇಗೆ ಎಂಬುದೆಲ್ಲ ಜೀವ ಉಳಿಸಿಕೊಳ್ಳುವ ವಿದ್ಯೆಯಾಗಿತ್ತು. ನೆಲದಾಳದಲ್ಲಿ ಅಷ್ಟು ಸನ್ನದ್ಧನಾಗಿದ್ದ ಕಾರ್ಮಿಕನ ಸಂಸಾರ ನೆಲದ ಮೇಲೆ ಕಂಪೆನಿಯ ನಲ್ಲಿಯನ್ನೇ ನಂಬಿತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿತು; ಮೇಲಿನ ಬೀದಿಗಳಲ್ಲಿ ಜನ ಟ್ಯಾಂಕರ್‌ಗಾಗಿ ಕಾಯುವಂತಾಯಿತು.

ಬಂಗಾರಪೇಟೆಯ ಸೀಮೆಯೂ ತನ್ನ ಕೆರೆಗಳನ್ನು, ಅವುಗಳ ನೀರು ಹಂಚುತ್ತಿದ್ದ ನೀರುಗಂಟಿಯನ್ನು ಮರೆತು ಕೊಳವೆಬಾವಿಯ ಬೆನ್ನು ಹತ್ತಿತು. ಬಾವಿಗಳು ಸಾವಿರ ಅಡಿಗೂ ಕೆಳಗಿಳಿದವು. ನೀರಿನ ಜೊತೆ ಫ್ಲೋರೈಡ್ ಕೂಡ ಮೇಲೆ ಬಂತು. 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಯರಗೋಳ್ ಅಣೆಕಟ್ಟು ದೊಡ್ಡ ಆಸರೆ, ಸಂದೇಹವಿಲ್ಲ. ಆದರೂ ಅದು ಮತ್ತೊಂದು ಕೊಳವೆ.

ಮಧ್ಯಮ ವರ್ಗದ ನಾವು ಸಿದ್ಧತೆಯೆಂದರೆ ಏನನ್ನಾದರೂ ಕೊಳ್ಳುವುದೆಂದು ಭಾವಿಸಿದ್ದೇವೆ. ಸೂರ್ಯಘರ್ ಯೋಜನೆ 2024ರಲ್ಲಿ ಆರಂಭವಾದ ಮೇಲೆ ಚಾವಣಿಯ ಸೌರಫಲಕಗಳ ಮೇಲೆ ಆಸಕ್ತಿ ಹೆಚ್ಚಿದೆ. ಒಳ್ಳೆಯದೇ. ಆದರೆ ಬ್ಯಾಟರಿಯಿಲ್ಲದೆ ಜಾಲಕ್ಕೆ ಜೋಡಿಸಿದ ಸಾಮಾನ್ಯ ಘಟಕ, ಕರೆಂಟು ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ತಂತಿ ದುರಸ್ತಿ ಮಾಡುವ ಲೈನ್‌ಮನ್‌ಗೆ ಆಘಾತವಾಗಬಾರದೆಂದು ಇನ್ವರ್ಟರ್‌ನಲ್ಲೇ ಈ ಏರ್ಪಾಡು ಇರುತ್ತದೆ. ಉರಿಬಿಸಿಲಿನ ನಡುಹಗಲಿನಲ್ಲಿ ಫ್ಯಾನ್ ನಿಂತಾಗ ಮಾತ್ರ ಇದು ಅನೇಕರಿಗೆ ತಿಳಿಯುತ್ತದೆ. ಫ್ಲೋರೈಡ್ ನೀರನ್ನು ಕುದಿಸಿದರೆ ಶುದ್ಧವಾಗುತ್ತದೆಂಬ ನಂಬಿಕೆಯೂ ಹಾಗೆಯೇ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಇನ್ನಷ್ಟು ಸಾಂದ್ರವಾಗುತ್ತದೆ.

ಮಳೆನೀರಿನ ಲೆಕ್ಕ ನೋಡಿ. ವರ್ಷಕ್ಕೆ 700 ಮಿ.ಮೀ. ಮಳೆ ಬಿದ್ದರೆ ಸಾವಿರ ಚದರಡಿಯ ಚಾವಣಿಗೆ ಸುಮಾರು 65 ಸಾವಿರ ಲೀಟರ್ ಸುರಿಯುತ್ತದೆ. ನಾಲ್ವರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಎಂದುಕೊಂಡರೂ ವರ್ಷಕ್ಕೆ 15 ಸಾವಿರ ಲೀಟರ್ ಸಾಕು. ಮಳೆಯಿಲ್ಲದ ಆರು ತಿಂಗಳಿಗೆ ಏಳೆಂಟು ಸಾವಿರ ಲೀಟರ್‌ನ ಮುಚ್ಚಿದ ತೊಟ್ಟಿ ಇದ್ದರಾಯಿತು. ಮೊದಲ ಮಳೆಯನ್ನು ಹೊರಬಿಡುವುದು, ಸೋಸುವ ಮರಳನ್ನು ತೊಳೆಯುವುದು, ಕುಡಿಯುವ ಮುನ್ನ ಕುದಿಸುವುದು ಮನೆಯಲ್ಲಿ ಯಾರಿಗಾದರೂ ರೂಢಿಯಾಗಿರಬೇಕು, ಅಷ್ಟೇ.

ತರಬೇತಿಯ ಪ್ರಶ್ನೆ ಇರುವುದು ಇಲ್ಲಿಯೇ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದ ಮಿತ್ರ’ ಯೋಜನೆಯು 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರಿಗೆ 12 ದಿನಗಳ ತರಬೇತಿ ನೀಡುವ ಗುರಿ ಹಾಕಿಕೊಂಡಿತು. ಆಯ್ಕೆಯ ವಯಸ್ಸು ಹದಿನೆಂಟರಿಂದ ನಲವತ್ತು. ನಾನು ಹೇಳಿದ ಬೆಳಗಿನ ರೈಲಿನಲ್ಲಿ ಕುಳಿತಿರುವವರೂ ಬಹುಪಾಲು ಆ ವಯಸ್ಸಿನವರೇ! ಪ್ರವಾಹದ ಊರಿಗೆ ಹೊಂದುವ ನಿಯಮ ದುಡಿಯಲು ದೂರ ಹೋಗುವವರ ಊರಿಗೆ ಹೊಂದುವುದಿಲ್ಲ.

ಇಲ್ಲಿ ಕಲಿಸಬೇಕಾದದ್ದು ಸ್ತ್ರೀಶಕ್ತಿ ಸಂಘದ ಸದಸ್ಯೆಯರಿಗೆ, ಪ್ರೌಢಶಾಲೆಯ ಮಕ್ಕಳಿಗೆ, ಅರವತ್ತರ ಆಚೆಈಚಿನ ಗಟ್ಟಿಮುಟ್ಟಾದ ಹಿರಿಯರಿಗೆ. ಮುಖ್ಯ ಸ್ವಿಚ್ ಆರಿಸುವುದು, ಅನಿಲ ಸೋರಿದಾಗ ರೆಗ್ಯುಲೇಟರ್ ಮುಚ್ಚುವುದು, ರಕ್ತಸ್ರಾವವನ್ನು ಒತ್ತಿ ಹಿಡಿಯುವುದು, 112ಕ್ಕೆ ಕರೆಮಾಡಿ ವಿಳಾಸವನ್ನು ಸ್ಪಷ್ಟವಾಗಿ ಹೇಳುವುದು. ಇವನ್ನು ನಮ್ಮ ಮನೆಯಲ್ಲಾದರೂ ಎಲ್ಲರೂ ಬಲ್ಲರೇ ಎಂದು ಕೇಳಿಕೊಂಡರೆ, ನಾನೂ ಹೌದೆನ್ನಲಾರೆ. ಗುರುಗಳನ್ನು ಬೆಂಗಳೂರಿನಿಂದ ಕರೆಸಬೇಕಾಗಿಯೂ ಇಲ್ಲ. ಗಣಿ ಕಾನೂನಿನಂತೆ ಪ್ರಥಮ ಚಿಕಿತ್ಸೆ ಕಲಿತವರು ಪಾಳಿಯಲ್ಲಿ ಇರಲೇಬೇಕಿತ್ತು. ಹಾಗೆ ಕಲಿತ ಹಿರಿಯರು ಇಂದಿಗೂ ಮಾರಿಕುಪ್ಪಂ, ಆಂಡರ್ಸನ್‌ಪೇಟೆಗಳ ಬೀದಿಗಳಲ್ಲಿ ಸಿಕ್ಕಾರು. ಗಣಿ ಮುಚ್ಚಿದಾಗ ಮೂವತ್ತು ವರ್ಷದವರಾಗಿದ್ದವರೂ ಈಗ ಐವತ್ತರ ನಡುವಿನಲ್ಲಿದ್ದಾರೆ. ನಗರಸಭೆ ಮೊದಲು ಅವರ ಪಟ್ಟಿ ಮಾಡಲಿ.