ಹಳೆಯ ಯೆಜ್ಡಿಗೆ ಹೊಸ ಬೆಲೆ: ಹೂಡಿಕೆಯೋ, ಹವ್ಯಾಸವೋ?

ತುಮಕೂರು: ಬಟವಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಬರುವ ಹುಣಸೆಹಣ್ಣಿಗೆ ಟೆಂಡರ್ ಉಂಟು. ಯಾವ ದರ್ಜೆಯ ಸರಕು ಎಷ್ಟಕ್ಕೆ ಹೋಯಿತು ಎಂಬುದು ಸಂಜೆಯೊಳಗೆ ರೈತನಿಗೂ ವರ್ತಕನಿಗೂ ತಿಳಿಯುತ್ತದೆ. ಅದೇ ಬಟವಾಡಿಯ ಮಗ್ಗುಲಿನ ಹೆದ್ದಾರಿಯಲ್ಲಿ ಸದ್ದು ಮಾಡುತ್ತ ಸಾಗುವ ಹಳೆಯ ಯೆಜ್ಡಿ, ಆರ್‌ಎಕ್ಸ್ 100 ಬೈಕುಗಳ ಧಾರಣೆ ಮಾತ್ರ ಯಾವ ಫಲಕದಲ್ಲೂ ಇಲ್ಲ. ಮಾರುವವನು ಹೇಳಿದ್ದೇ ಬೆಲೆ. ಕೊಂಡವನು ಕೊಟ್ಟದ್ದು ಗುಟ್ಟು.

ಒಂದು ಕಾಲದಲ್ಲಿ ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಹೋದ ಈ ವಾಹನಗಳಿಗೆ, ಸುಸ್ಥಿತಿಯಲ್ಲಿದ್ದರೆ, ಇಂದು ಲಕ್ಷ ರೂಪಾಯಿ ಮೀರಿ ಕೇಳುವವರಿದ್ದಾರೆ. 1980ರ ದಶಕದ ರಾಜದೂತ್ 350ಕ್ಕಂತೂ ಹಲವು ಲಕ್ಷ. ನಿವೇಶನ ಕೊಳ್ಳಲು ಕೈ ಎಟುಕದ ಯುವಕರು ಸಾಲ ಮಾಡಿಯಾದರೂ ಹಳೆಯ ಬೈಕೊಂದನ್ನು ಕೊಂಡಿಟ್ಟರೆ ಲಾಭ ಖಚಿತವೆಂದು ನಂಬತೊಡಗಿರುವುದು ಯೋಚಿಸಬೇಕಾದ ಸಂಗತಿ.

ಈ ನಂಬಿಕೆಗೆ ಮಾದರಿ ಅಮೆರಿಕದ ‘ಮಸಲ್ ಕಾರು’ಗಳು. ಮಧ್ಯಮ ಗಾತ್ರದ ಕಾರಿಗೆ ಭಾರಿ ವಿ8 ಎಂಜಿನ್ ಕೂರಿಸುವ ಪರಿಪಾಠ 1964ರ ಪಾಂಟಿಯಾಕ್ ಜಿಟಿಒದಿಂದ ಜನಪ್ರಿಯವಾಯಿತು. 1971ರ ಪ್ಲಿಮತ್ ಹೆಮಿ ಕೂಡಾ ಕನ್ವರ್ಟಿಬಲ್ ಕಾರೊಂದು 2014ರಲ್ಲಿ ಸಿಯಾಟಲ್ ಹರಾಜಿನಲ್ಲಿ 35 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಆದರೆ ಆ ವರ್ಷ ಕಾರ್ಖಾನೆಯಿಂದ ಹೊರಬಂದ ಅಂಥ ಕಾರುಗಳು ಹನ್ನೊಂದೇ ಎಂಬುದನ್ನು ಮರೆಯುವಂತಿಲ್ಲ. ಮೂಲ ಎಂಜಿನ್ನೇ ಇದೆಯೆಂದು ಸಾಬೀತುಪಡಿಸುವ ಸಂಖ್ಯೆ, ಕಾರ್ಖಾನೆಯ ದಾಖಲೆ, ಎಲ್ಲರೆದುರು ನಡೆಯುವ ಹರಾಜು, ಈ ಮೂರೂ ಕೂಡಿ ಅಲ್ಲಿ ಬೆಲೆ ನಿರ್ಧಾರವಾಗುತ್ತದೆ. ಅಷ್ಟೆಲ್ಲ ಇದ್ದೂ 2008ರ ಹಣಕಾಸು ಬಿಕ್ಕಟ್ಟಿನಲ್ಲಿ ಇದೇ ಕಾರುಗಳ ಬೆಲೆ ಕುಸಿದಿತ್ತು. ಅವುಗಳನ್ನು ಯೌವನದಲ್ಲಿ ಕಂಡು ಆಸೆಪಟ್ಟ ಪೀಳಿಗೆ ಈಗ ಎಪ್ಪತ್ತು ದಾಟಿದೆ. ಸಂಗ್ರಹಗಳು ಮಾರಾಟಕ್ಕೆ ಬರುವಾಗ ಕೊಳ್ಳುವವರು ಯಾರು ಎಂಬ ಪ್ರಶ್ನೆ ಅಲ್ಲಿಯೂ ಎದ್ದಿದೆ.

ನಮ್ಮಲ್ಲಿ ಆ ಸ್ವರೂಪಕ್ಕೆ ಹತ್ತಿರವಾದ ಕಾರೆಂದರೆ ಹಿಂದೂಸ್ತಾನ್ ಮೋಟಾರ್ಸ್ 1984ರಿಂದ 2002ರವರೆಗೆ ತಯಾರಿಸಿದ ಕಾಂಟೆಸಾ. ಆದರೆ ಕನ್ನಡಿಗರ ಭಾವನೆ ಬೆಸೆದುಕೊಂಡಿರುವುದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯೊಂದಿಗೆ. 1961ರಲ್ಲಿ ಜಾವಾ ಹೆಸರಿನಲ್ಲಿ, 1973ರಿಂದ ಯೆಜ್ಡಿ ಹೆಸರಿನಲ್ಲಿ ಬೈಕುಗಳನ್ನು ಹೊರತಂದ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಕಿಕ್‌ಗೂ ಗೇರಿಗೂ ಒಂದೇ ಲಿವರ್, ಎರಡು ಸೈಲೆನ್ಸರ್‌ಗಳ ಆ ದನಿ ಮರೆಯದ ಜನ ಇನ್ನೂ ಇದ್ದಾರೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಹೊಸ ಕಂಪನಿಯ ಮೂಲಕ ಮರಳಿ ಬಂದ ಮೇಲೆ ಹಳೆಯದರ ಮೇಲಿನ ಮೋಹ ಇನ್ನಷ್ಟು ಹೆಚ್ಚಿತು. ಮೋಹವೇ ಬೇರೆ, ಅಭಾವವೇ ಬೇರೆ. ಯೆಜ್ಡಿಯಾಗಲಿ ಆರ್‌ಎಕ್ಸ್ 100 ಆಗಲಿ ಹನ್ನೊಂದರ ಲೆಕ್ಕದಲ್ಲಿ ತಯಾರಾದವಲ್ಲ.

ಈ ವಿಷಯದಲ್ಲಿ ತುಮಕೂರಿಗೆ ತನ್ನದೇ ಅನುಭವವಿದೆ. ಎಚ್‌ಎಂಟಿ ಕೈಗಡಿಯಾರ ಘಟಕಗಳನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿದ ಆಸುಪಾಸಿನಲ್ಲಿ ಹಳೆಯ ‘ಜನತಾ’, ‘ಪೈಲಟ್’ ಗಡಿಯಾರಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಅದರ ಬೆನ್ನಿಗೇ ಹಳೆಯ ಡಯಲಿಗೆ ಹೊಸ ಬಣ್ಣ ಬಳಿದು, ನಾಲ್ಕು ಗಡಿಯಾರಗಳ ಬಿಡಿಭಾಗ ಕೂಡಿಸಿದ ಸರಕು ಮಾರುಕಟ್ಟೆ ತುಂಬಿತು. ಬೈಕಿನಲ್ಲೂ ಅದೇ ಕಥೆ. ಹೊಳೆಯುವ ಬಣ್ಣದಡಿ ಎಂಜಿನ್ ಒಂದರದು, ಚಾಸಿಸ್ ಇನ್ನೊಂದರದು.

ಕಾನೂನಿನ ತೊಡಕು ಇದಕ್ಕಿಂತ ದೊಡ್ಡದು. 2021ರ ಕೇಂದ್ರ ನಿಯಮಗಳ ಪ್ರಕಾರ ‘ವಿಂಟೇಜ್’ ಮಾನ್ಯತೆ ಪಡೆಯಲು ವಾಹನ 50 ವರ್ಷ ದಾಟಿರಬೇಕು, ಮೂಲರೂಪ ಕೆಟ್ಟಿರಬಾರದು. ದಿನನಿತ್ಯದ ಓಡಾಟಕ್ಕೆ ಬಳಸುವಂತೆಯೂ ಇಲ್ಲ. ಹೊಸದಾಗಿ ‘ವಿಎ’ ಸರಣಿಯ ನೋಂದಣಿ ಪಡೆಯಲು 20,000 ರೂಪಾಯಿ ಶುಲ್ಕ. ಆರ್‌ಎಕ್ಸ್ 100 ಮಾರುಕಟ್ಟೆಗೆ ಬಂದದ್ದೇ 1985ರಲ್ಲಿ. ಅದರ ಮೊದಲ ಬೈಕಿಗೂ ಈ ಭಾಗ್ಯ ಸಿಗಬೇಕಾದರೆ 2035 ಬರಬೇಕು. ಅಲ್ಲಿಯವರೆಗೆ ಅದು ಕಾನೂನಿನ ಕಣ್ಣಿಗೆ ಬರೀ ಹಳೆಯ ವಾಹನ. 2025ರ ಆಗಸ್ಟ್‌ನಲ್ಲಿ ಕೇಂದ್ರವು 20 ವರ್ಷ ಮೀರಿದ ಬೈಕುಗಳ ನೋಂದಣಿ ನವೀಕರಣ ಶುಲ್ಕವನ್ನು 2,000 ರೂಪಾಯಿಗೂ ಲಘು ಮೋಟಾರು ವಾಹನಗಳದನ್ನು 10,000 ರೂಪಾಯಿಗೂ ಏರಿಸಿತು. ಉಳಿಸಿಕೊಳ್ಳಿ ಎಂದು ಸರ್ಕಾರ ಹೇಳುತ್ತಿಲ್ಲ ಎಂಬುದು ಸ್ಪಷ್ಟ.

ಇನ್ನು ಲೆಕ್ಕ. ಉದಾಹರಣೆಗೆ, ಒಂದು ಲಕ್ಷ ಕೊಟ್ಟು ಕೊಂಡ ಬೈಕಿಗೆ ಅರವತ್ತು ಸಾವಿರ ಖರ್ಚು ಮಾಡಿ ಮೂಲರೂಪಕ್ಕೆ ತಂದರೆನ್ನಿ. ಅದೇ ಹಣ ಶೇ. 7ರ ಚಕ್ರಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಸುಮಾರು 3.15 ಲಕ್ಷವಾಗುತ್ತದೆ. ವಿಮೆ, ನವೀಕರಣ, ರಿಪೇರಿಯನ್ನು ಬದಿಗಿಟ್ಟರೂ ಬೈಕು ಅಷ್ಟಕ್ಕೆ ಮಾರಾಟವಾದಾಗಲಷ್ಟೇ ಸಮಸಮ. ಸಾಲದ ಹಣವಾದರೆ ಮಾತೇ ಬೇಡ. ಬಂಕುಗಳಲ್ಲಿ ಈಗ ಸಿಗುವುದು ಶೇ. 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ಪೈಪು, ವಾಷರುಗಳು ಅದಕ್ಕೆಂದು ಮಾಡಿದವಲ್ಲ. ನಿಲ್ಲಿಸಿಟ್ಟರೆ ಎಥೆನಾಲ್ ತೇವ ಹೀರಿ ಟ್ಯಾಂಕಿಗೆ ತುಕ್ಕು. ಓಡಿಸದೆ ಜೋಪಾನ ಮಾಡುತ್ತೇವೆನ್ನುವ ಹೂಡಿಕೆದಾರನಿಗೆ ಮೊದಲ ಪೆಟ್ಟು ಇಲ್ಲಿಯೇ.

ಹಾಗಾದರೆ ಬೆಲೆ ನಿಲ್ಲುವುದು ಯಾವುದಕ್ಕೆ? ಎಂಜಿನ್ ಮತ್ತು ಚಾಸಿಸ್ ಸಂಖ್ಯೆ ಆರ್‌ಸಿ ಪುಸ್ತಕದೊಂದಿಗೆ ತಾಳೆಯಾಗುವ, ಒಂದೇ ಮನೆಯಲ್ಲಿ ಉಳಿದ, ಮೂಲ ಬಿಡಿಭಾಗಗಳಿರುವ ಬೈಕಿಗೆ. ಗುಬ್ಬಿ, ಕುಣಿಗಲ್ ಕಡೆಯ ಹಳೆಯ ಮನೆಗಳ ಕೊಟ್ಟಿಗೆಯಲ್ಲಿ ಅಂಥವು ಇಂದಿಗೂ ಇರಬಹುದು. ಆದರೆ ಪುಸ್ತಕದಲ್ಲಿರುವುದು ತೀರಿಕೊಂಡ ಅಜ್ಜನ ಹೆಸರಾಗಿದ್ದರೆ, ವಾರಸುದಾರರು ಮೊದಲು ನಮೂನೆ 31ರಲ್ಲಿ ಹೆಸರು ವರ್ಗಾಯಿಸಿಕೊಂಡು, ಬಾಕಿ ತೆರಿಗೆ, ದಂಡ ಕಟ್ಟಿ, ನಮೂನೆ 25ರಲ್ಲಿ ನೋಂದಣಿ ನವೀಕರಿಸಿಕೊಳ್ಳಬೇಕು. ಅಷ್ಟಾಗುವ ಮುನ್ನ ಮುಂಗಡ ಕೊಟ್ಟವರ ಕೈಯಲ್ಲಿರುವುದು ಬೈಕಿನ ಕೀಲಿ ಮಾತ್ರ.