ಎದುರು ವಕೀಲನಿಗೂ ಒಂದು ವಾದ ಬೇಕು

ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳನ್ನು ಮೆಚ್ಚಿದವರ ನಡುವೆ ಬಹುಕಾಲದಿಂದ ಒಂದು ತಕರಾರು ಮುಗಿಯದೆ ಉಳಿದಿದೆ. 1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ದ ಎತ್ತರವನ್ನು ಆಮೇಲಿನ ಯಾವುದೂ ಮುಟ್ಟಲಿಲ್ಲ ಎನ್ನುವವರು ಕೆಲವರು. ‘ಮುಕ್ತ’, ‘ಮುಕ್ತ ಮುಕ್ತ’ಗಳ ಕೋರ್ಟ್ ದೃಶ್ಯಗಳೇ ಅವರ ಶ್ರೇಷ್ಠ ಕೆಲಸ, ‘ಮಗಳು ಜಾನಕಿ’ಯ ಹೊತ್ತಿಗೆ ಬಿಗಿ ಸಡಿಲವಾಯಿತು ಎನ್ನುವವರು ಇನ್ನು ಕೆಲವರು. 2022ರಲ್ಲಿ ಸಿರಿ ಕನ್ನಡ ವಾಹಿನಿಯಲ್ಲಿ ‘ಮತ್ತೆ ಮಾಯಾಮೃಗ’ ಶುರುವಾದಾಗ ಈ ತಕರಾರಿಗೆ ಹೊಸ ಜೀವ ಬಂತು. ನಿಧಾನವಾಯಿತು, ಮಾತು ಹೆಚ್ಚಾಯಿತು, ಹಳೆಯ ನಟರ ಜಾಗಕ್ಕೆ ಹೊಸಬರು ಹೊಂದಲಿಲ್ಲ ಎಂಬಂಥ ದೂರುಗಳನ್ನೇ ಎರಡೂ ಕಡೆಯವರು ತಿರುಗಿಸಿ ತಿರುಗಿಸಿ ಹೇಳುತ್ತಾರೆ. ಇವು ಯಾವ ಧಾರಾವಾಹಿಗೂ ಅನ್ವಯಿಸುವ ದೂರುಗಳು. ಕೋರ್ಟ್ ಕಥೆ ಕೆಟ್ಟಿದೆಯೋ ಇಲ್ಲವೋ ಎಂದು ನಿರ್ಧರಿಸಲು ಅದಕ್ಕೇ ಸೇರಿದ ಅಳತೆಗೋಲು ಬೇಕು. ಎದುರು ಪಕ್ಷದ ವಕೀಲ ಎದ್ದು ನಿಂತಾಗ ಅವನ ಬಳಿ ನಿಜವಾದ ವಾದ ಇದೆಯೇ ಎಂಬುದೇ ಆ ಅಳತೆಗೋಲು ಎಂದು ನನ್ನ ನಂಬಿಕೆ. ಇದ್ದಷ್ಟು ಕಾಲ ಕಥೆ ಬದುಕಿರುತ್ತದೆ. ಅವನು ಬರೀ ಸೋಲುವುದಕ್ಕೆಂದು ಕೋಟು ಹಾಕಿಕೊಂಡು ಬಂದವನಾದ ದಿನ, ಎಷ್ಟು ಒಳ್ಳೆಯ ನಟರಿದ್ದರೂ ಏನೂ ಉಳಿಯುವುದಿಲ್ಲ.

ಹಳೆಯದರ ಮೇಲಿನ ಮೋಹ ಈ ಜಗಳದಲ್ಲಿ ಸಾಕಷ್ಟಿದೆ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಉದಯ ಟಿವಿ 1994ರಲ್ಲೇ ಬಂದಿದ್ದರೂ, ಆಂಟೆನಾ ಒಂದೇ ಆಸರೆಯಾಗಿದ್ದ ಮನೆಗಳಿಗೆ 1998ರಲ್ಲಿ ದೂರದರ್ಶನ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಊರೆಲ್ಲ ಒಂದೇ ಕಥೆ ನೋಡಿ ಮರುದಿನ ಅದನ್ನೇ ಮಾತಾಡುವ ಸುಖ ಈಗ ಯಾರಿಗೂ ಸಿಗದು. ಆ ಸುಖವನ್ನು ಧಾರಾವಾಹಿಯ ಗುಣಮಟ್ಟ ಎಂದು ತಪ್ಪಾಗಿ ಓದುವವರಿದ್ದಾರೆ. ಆದರೆ ಈ ಸಮಜಾಯಿಷಿ ಎಲ್ಲವನ್ನೂ ವಿವರಿಸುವುದಿಲ್ಲ. ನೂರಾರು ವಾಹಿನಿಗಳಿದ್ದ ಕಾಲದಲ್ಲೇ, 2018ರಲ್ಲಿ, ಕಲರ್ಸ್ ಸೂಪರ್‌ನಲ್ಲಿ ‘ಮಗಳು ಜಾನಕಿ’ ಶುರುವಾಯಿತು. 2020ರ ಲಾಕ್‌ಡೌನಿನಲ್ಲಿ ಅದು ಅರ್ಧಕ್ಕೆ ನಿಂತಾಗ ಜನ ನಿಜವಾಗಿ ನೊಂದುಕೊಂಡರು. ಅವರು ಕಳೆದುಕೊಂಡದ್ದು ಬೇರೆ ವಾಹಿನಿಯಲ್ಲಿ ಸಿಗುವಂಥದ್ದಾಗಿರಲಿಲ್ಲ.

ಸೀತಾರಾಂ ಕಾನೂನು ಓದಿದವರು, ವಕೀಲಿ ಮಾಡಿದವರು. ಅವರೇ ನಟಿಸಿದ ಕಪ್ಪು ಕೋಟಿನ ವಕೀಲ ಸಿಎಸ್‌ಪಿ ಪಾಟೀಸವಾಲಿಗೆ ನಿಂತಾಗ ನೋಡುಗ ಮುಂದಕ್ಕೆ ಬಾಗಿ ಕೂರುತ್ತಿದ್ದುದಕ್ಕೆ ಈ ಹಿನ್ನೆಲೆಯೇ ಕಾರಣ. ಸಾಕ್ಷಿ ಹೇಳಿದ ಒಂದು ಸಣ್ಣ ವಿವರವನ್ನು ಹಿಡಿದು ಒಂದರ ಹಿಂದೊಂದು ಪ್ರಶ್ನೆ ಬರುತ್ತಿತ್ತು, ಉತ್ತರಕ್ಕೆ ತಡವರಿಸುವುದು ಕಾಣುತ್ತಿತ್ತು. ಸತ್ಯ ಯಾರೋ ಬಂದು ಒಪ್ಪಿಸುವ ವಸ್ತುವಾಗಿರದೆ, ಕಣ್ಣೆದುರೇ ಅಗೆದು ತೆಗೆಯಬೇಕಾದ ವಸ್ತುವಾಗಿತ್ತು. ಇಂದಿನ ಬಹುಪಾಲು ಕನ್ನಡ ಧಾರಾವಾಹಿಗಳ ಕೋರ್ಟಿನಲ್ಲಿ ಈ ಅಗೆತವೇ ಇಲ್ಲ. ತೀರ್ಪು ಬರುವ ಹೊತ್ತಿಗೆ ಬಾಗಿಲು ತಳ್ಳಿಕೊಂಡು ನಾಯಕಿ ಬರುತ್ತಾಳೆ, ಕೈಯಲ್ಲಿ ಪೆನ್ ಡ್ರೈವ್. ನ್ಯಾಯಾಧೀಶರು ಅದನ್ನು ಅಲ್ಲೇ ನೋಡಿ ಖಳನನ್ನು ಜೈಲಿಗೆ ಕಳಿಸುತ್ತಾರೆ. ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಹಾಜರುಪಡಿಸಲು ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ‘ಈ ವಿಡಿಯೊ ಎಲ್ಲಿಂದ ಬಂತು, ಯಾರು ತೆಗೆದರು, ತಿದ್ದಿಲ್ಲವೆಂದು ಯಾರು ಹೇಳುತ್ತಾರೆ’ ಎಂದು ಎದುರು ವಕೀಲ ಕೇಳಿದರೆ ಅಲ್ಲಿಂದಲೇ ಹತ್ತು ಸಂಚಿಕೆಗಳ ಕಥೆ ಹುಟ್ಟುತ್ತದೆ. ಆ ಪ್ರಶ್ನೆ ಕೇಳುವವನೇ ಇಲ್ಲ.

ಕೊಡಗಿನಲ್ಲಿ ಕುಳಿತು ನೋಡುವವರಿಗೆ ಈ ಕೊರತೆ ಹೆಚ್ಚು ಚುಚ್ಚಬೇಕು. ಇಬ್ಬರಿಗೂ ನ್ಯಾಯವಿರುವ ಮೊಕದ್ದಮೆ ಹೇಗಿರುತ್ತದೆ ಎಂಬುದು ಈ ಜಿಲ್ಲೆಗೆ ಚೆನ್ನಾಗಿ ಗೊತ್ತು. ಜಮ್ಮಾ ಬಾಣೆಯನ್ನೇ ತೆಗೆದುಕೊಳ್ಳಿ. ಗದ್ದೆಗೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು ಸಿಗಲೆಂದು ಗದ್ದೆಯ ಜೊತೆಗೆ ಬಿಟ್ಟ ಗುಡ್ಡ ಅದು. ಆಮೇಲೆ ಅದರಲ್ಲಿ ಕಾಫಿ ಬಂತು, ಮರಕ್ಕೆ ಬೆಲೆ ಬಂತು. ಆ ನೆಲ ಇಡೀ ಒಕ್ಕದ್ದೋ, ಎಂದರೆ ಕೂಡುಕುಟುಂಬದ್ದೋ, ಪಟ್ಟೇದಾರನ ಹೆಸರಿನಲ್ಲಿ ಇರುವುದರಿಂದ ಅವನದ್ದೋ, ದುಡಿದು ತೋಟ ಮಾಡಿದವನದ್ದೋ? ಮರ ಹಿಡುವಳಿದಾರನದ್ದೋ ಸರ್ಕಾರದ್ದೋ? 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ನಿನಿಂದ ಹಿಡಿದು ಹೈಕೋರ್ಟಿನ ಪೂರ್ಣಪೀಠದವರೆಗೆ, ಅಲ್ಲಿಂದ ಭೂಕಂದಾಯ ಕಾಯ್ದೆಯ ತಿದ್ದುಪಡಿಯವರೆಗೆ ಈ ಪ್ರಶ್ನೆ ನಡೆದುಬಂದಿದೆ. ಒಂದೇ ಐನ್‌ಮನೆಯ ಇಬ್ಬರು ಅಣ್ಣತಮ್ಮಂದಿರು ಎದುರುಬದುರು ನಿಂತರೆ ಅದರಲ್ಲಿ ಖಳ ಯಾರು? ಕೋವಿ ವಿನಾಯಿತಿಯ ಪ್ರಕರಣವೂ ಹೀಗೆಯೇ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. ಬ್ರಿಟಿಷರ ಕಾಲದ ಈ ಸವಲತ್ತು ಕಾನೂನಿನ ಮುಂದೆ ಎಲ್ಲರೂ ಸಮಾನರೆಂಬ ಸಂವಿಧಾನದ ಮಾತಿಗೆ ವಿರುದ್ಧ ಎಂದು ಪ್ರಶ್ನೆ ಎದ್ದಿತು. 2021ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಕೈಲ್‌ಪೋಳ್ದ್‌ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಮನೆಯವರಿಗೆ ಅದು ಗುರುತಿನ ಪ್ರಶ್ನೆ. ಪಕ್ಕದ ಮನೆಯಲ್ಲಿದ್ದು ಪರವಾನಗಿಗೆ ಅರ್ಜಿ ಹಿಡಿದು ಅಲೆಯಬೇಕಾದವನಿಗೆ ಅದು ಸಮಾನತೆಯ ಪ್ರಶ್ನೆ. ಎರಡೂ ಕಡೆಯ ವಾದವನ್ನು ಪೂರ್ತಿ ಕೇಳಿಸಿಕೊಂಡವನಿಗೆ ತೀರ್ಪು ಬಂದ ಮೇಲೂ ಚರ್ಚೆ ಮುಗಿಯುವುದಿಲ್ಲ. ನಮ್ಮ ಧಾರಾವಾಹಿ ಬರೆಯುವವರು ಇಂಥದ್ದನ್ನು ಮುಟ್ಟುವುದೇ ಇಲ್ಲ. ಕೊಡಗೆಂದರೆ ಅವರಿಗೆ ಹಾಡಿನ ದೃಶ್ಯಕ್ಕೆ ಮಂಜು, ಶ್ರೀಮಂತನ ಮನೆಗೆ ಕಾಫಿ ತೋಟ, ಅಷ್ಟೇ.

ಇನ್ನೊಂದು ಉದಾಹರಣೆ ಡಿಎನ್‌ಎ ಪರೀಕ್ಷೆ. ಕನ್ನಡದ ಸಂಜೆಯ ಧಾರಾವಾಹಿಗಳಲ್ಲಿ ಇದು ಬಾರದ ವರ್ಷವಿಲ್ಲ. ಮಗು ಯಾರದ್ದೆಂಬ ಅನುಮಾನ ಏಳುತ್ತದೆ, ಆಸ್ಪತ್ರೆಯಲ್ಲಿ ಖಳನಾಯಕಿ ವರದಿ ಬದಲಾಯಿಸುತ್ತಾಳೆ, ಕೊನೆಗೆ ಅಸಲಿ ವರದಿ ಸಿಗುತ್ತದೆ. ಕಾನೂನು ಈ ವಿಷಯದಲ್ಲಿ ಹೇಳುವುದು ಇದಕ್ಕಿಂತ ಎಷ್ಟೋ ಗಹನವಾದದ್ದು. 1872ರ ಸಾಕ್ಷ್ಯ ಅಧಿನಿಯಮದ 112ನೇ ಕಲಂ ಪ್ರಕಾರ, ಮದುವೆ ಊರ್ಜಿತವಾಗಿರುವಾಗ ಹುಟ್ಟಿದ ಮಗು ಆ ಗಂಡನದ್ದೇ. ಗಂಡಹೆಂಡಿರು ಸೇರುವ ಅವಕಾಶವೇ ಇರಲಿಲ್ಲವೆಂದು ಸಾಬೀತಾಗದ ಹೊರತು ಅದನ್ನು ಅಲುಗಿಸಲಾಗದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದು 116ನೇ ಕಲಮಾಗಿ ಉಳಿದಿದೆ. ಕೇಳಿದ ಮಾತ್ರಕ್ಕೆ ರಕ್ತಪರೀಕ್ಷೆಗೆ ಆದೇಶಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1993ರಲ್ಲಿ, ಗೌತಮ್ ಕುಂಡು ಪ್ರಕರಣದಲ್ಲಿ, ಹೇಳಿತು. ಅಲ್ಲಿರುವ ಸಂಘರ್ಷ ನೋಡಿ. ಸತ್ಯ ತಿಳಿಯಬೇಕೆಂಬ ಗಂಡನ ಹಟಕ್ಕೂ ಒಂದು ನ್ಯಾಯವಿದೆ. ಏನೂ ತಪ್ಪು ಮಾಡದ ಮಗುವಿನ ನೆತ್ತಿಯ ಮೇಲೆ ಜೀವನವಿಡೀ ಕಳಂಕ ಹೊರಿಸಬಾರದೆಂಬ ಕಾನೂನಿನ ಕಾಳಜಿಗೂ ನ್ಯಾಯವಿದೆ. ಒಳ್ಳೆಯ ಬರಹಗಾರನ ಕೈಗೆ ಇದು ಸಿಕ್ಕರೆ ವರದಿ ಬದಲಾಯಿಸುವ ಖಳನಾಯಕಿ ಬೇಕಾಗುವುದೇ ಇಲ್ಲ. ನಮಗೆ ತೋರಿಸುತ್ತಿರುವುದು ಲಕೋಟೆಯ ಕಳ್ಳತನ.

ಇದಕ್ಕೆ ವಾಹಿನಿಗಳ ಕಡೆಯಿಂದ ಬರುವ ಉತ್ತರ ಪರಿಚಿತ: ನಿಜವಾದ ಕೋರ್ಟೆಂದರೆ ವಾಯಿದೆ, ಮತ್ತೆ ವಾಯಿದೆ, ಅದನ್ನು ಯಾರು ನೋಡುತ್ತಾರೆ? ವಾಯಿದೆ ತೋರಿಸಿ ಎಂದು ಯಾರೂ ಕೇಳುತ್ತಿಲ್ಲ. ಕಥೆ ಕಾಲವನ್ನು ಕುಗ್ಗಿಸಲಿ, ವರ್ಷಗಳ ವಿಚಾರಣೆಯನ್ನು ವಾರಗಳಲ್ಲಿ ಮುಗಿಸಲಿ. ವಾದವನ್ನು ಕುಗ್ಗಿಸಬಾರದು, ಅಷ್ಟೇ. ನೋಡುವವರಿಲ್ಲ ಎಂಬುದಕ್ಕೆ ಕೇರಳದ ಗಡಿಯ ಮಾಕುಟ್ಟದ ಆಚೆಯಿಂದಲೇ ಉತ್ತರ ಬಂದಿದೆ. 2023ರ ಕೊನೆಯಲ್ಲಿ ಬಂದ ಜೀತು ಜೋಸೆಫ್ ಅವರ ಮಲಯಾಳಂ ಚಿತ್ರ ‘ನೇರು’ ಬಹುಪಾಲು ಕೋರ್ಟಿನ ಒಳಗೇ ನಡೆಯುತ್ತದೆ. ಚಿತ್ರಕಥೆಯಲ್ಲಿ ನಿರ್ದೇಶಕರ ಜೊತೆಗಿದ್ದ ಶಾಂತಿ ಮಾಯಾದೇವಿ ಸ್ವತಃ ವಕೀಲೆ. ಮೋಹನ್‌ಲಾಲ್ ಅವರಂಥ ನಟನ ಎದುರು, ಎದುರು ವಕೀಲನಾದ ಸಿದ್ದಿಕ್ ಅವರ ಪಾತ್ರಕ್ಕೆ ಅಲ್ಲಿ ಎಷ್ಟು ಬಲ ಕೊಟ್ಟಿದ್ದಾರೆಂದರೆ, ಪ್ರತಿ ಪಾಟೀಸವಾಲಿನಲ್ಲೂ ಕೇಸು ಕೈಬಿಟ್ಟಿತೇನೋ ಎನ್ನಿಸುತ್ತದೆ. ಆ ಚಿತ್ರವನ್ನು ಜನ ಮುಗಿಬಿದ್ದು ನೋಡಿದರು. ಇನ್ನು ಪ್ರತಿ ವಾರ ಬರುವ ಟಿಆರ್‌ಪಿ ಅಂಕಿ. ಟಿವಿ ಯಾವ ವಾಹಿನಿಯ ಮೇಲೆ ನಿಂತಿತ್ತು ಎಂಬುದನ್ನು ಅದು ಹೇಳುತ್ತದೆ. ಮುಂದೆ ಕುಳಿತವರಿಗೆ ಬೇರೇನು ಬೇಕಿತ್ತು ಎಂಬುದನ್ನು ಅಳೆಯುವ ಶಕ್ತಿ ಅದಕ್ಕಿಲ್ಲ. ಆ ಅಂಕಿಗೆ ಹೆದರಿ ವಾರವಾರವೂ ಕಥೆ ತಿರುಗಿಸಿದರೆ ಮೊದಲು ಬಲಿಯಾಗುವುದು ಕೋರ್ಟ್ ದೃಶ್ಯವೇ. ಮೊದಲ ದಿನ ಸಾಕ್ಷಿ ಹೇಳಿದ ಮಾತು ಇಪ್ಪತ್ತನೇ ದಿನ ಪಾಟೀಸವಾಲಿನಲ್ಲಿ ಬೇಕಾಗುತ್ತದೆ. ಮುಂದಿನ ವಾರದ ಕಥೆ ಗೊತ್ತಿಲ್ಲದವನು ಆ ಮಾತನ್ನು ಬಿತ್ತುವುದಾದರೂ ಹೇಗೆ?

ಇನ್ನೂ ಗಟ್ಟಿಯಾದ ಆಕ್ಷೇಪಣೆಯೊಂದಿದೆ. ಅಮೆರಿಕದಲ್ಲಿ 1957ರಿಂದ 1966ರವರೆಗೆ ನಡೆದ ‘ಪೆರಿ ಮೇಸನ್’ನಲ್ಲಿ ಸರ್ಕಾರಿ ವಕೀಲ ಹ್ಯಾಮಿಲ್ಟನ್ ಬರ್ಗರ್ ಹೆಚ್ಚುಕಡಿಮೆ ಪ್ರತಿ ಸಲವೂ ಸೋತ; ಜನ ಒಂಬತ್ತು ವರ್ಷ ಕುಳಿತು ನೋಡಿದರು. ನಾಯಕ ಗೆಲ್ಲುತ್ತಾನೆಂದು ಗೊತ್ತಿದ್ದೂ ನೋಡುವವರಿದ್ದಾರಲ್ಲ? ಹೌದು. ಆದರೆ ಬರ್ಗರ್ ಬರಿಗೈಯಲ್ಲಿ ಬರುತ್ತಿರಲಿಲ್ಲ. ಕೊಲೆಯಾದ ಜಾಗದಲ್ಲಿ ಆರೋಪಿಯ ಬೆರಳಚ್ಚು, ಅವಳ ಪಿಸ್ತೂಲು, ಅವಳೇ ಹೇಳಿದ ಸುಳ್ಳು, ಇಂಥದ್ದೆಲ್ಲ ಅವನ ಪರವಾಗಿ ಇರುತ್ತಿತ್ತು. ಆ ಕಥೆಗಳ ಮೂಲಕರ್ತ ಅರ್ಲ್ ಸ್ಟ್ಯಾನ್ಲಿ ಗಾರ್ಡ್ನರ್ ವಕೀಲರಾಗಿದ್ದವರು, ಎದುರಿನ ಮೇಜಿನ ಬಲವೇನೆಂದು ಬಲ್ಲವರು.

ಈ ಅಳತೆಗೋಲನ್ನು ಸೀತಾರಾಂ ಅವರಿಗೂ ಹಚ್ಚಬೇಕು, ಅವರ ಮೇಲಿನ ಗೌರವದಿಂದಲೇ. ಸಿಎಸ್‌ಪಿ ಬರುಬರುತ್ತಾ ತಪ್ಪೇ ಮಾಡದ ಮನುಷ್ಯರಾದರು. ಅವರು ಒಪ್ಪಿಕೊಂಡ ಕೇಸೆಂದರೆ ಅದು ನ್ಯಾಯದ ಕೇಸು ಎಂದು ಮೊದಲ ದಿನವೇ ತಿಳಿದುಹೋಗುತ್ತಿತ್ತು. ಎದುರಿಗೆ ನಿಂತವರು ಭ್ರಷ್ಟರು, ಇಲ್ಲವೇ ಭ್ರಷ್ಟರ ಸಂಬಳದವರು. ಕೋರ್ಟಿನ ಹೊರಗೆ ಸಿಎಸ್‌ಪಿಯವರ ಮಾತುಗಳು ಉಪದೇಶಕ್ಕೆ ಹತ್ತಿರವಾದವು. ಮಟ್ಟ ಇಳಿಯಿತು ಎಂದು ಹೇಳುವ ಅಭಿಮಾನಿಗಳು ಗುರುತಿಸಬೇಕಾದದ್ದು ಈ ಜಾರುವಿಕೆಯನ್ನು. ನಟರ ಬದಲಾವಣೆ, ನಿಧಾನಗತಿ ಇವೆಲ್ಲ ಅದರ ಮುಂದೆ ಸಣ್ಣವು. ಹಾಗೆಂದು ಸೀತಾರಾಂ ಅವರ ಧಾರಾವಾಹಿಗಳನ್ನು ಪೆನ್ ಡ್ರೈವ್ ಕೋರ್ಟುಗಳ ಸಾಲಿಗೆ ಸೇರಿಸುವುದು ಅನ್ಯಾಯ. ಕನ್ನಡ ಕಿರುತೆರೆಯಲ್ಲಿ ಕಾನೂನನ್ನು ಜನರ ಸಂಜೆಯ ಮಾತಿಗೆ ತಂದವರು ಅವರು. ಅವರು ಊರೂರಿಗೆ ಹೋಗಿ ನಡೆಸಿದ ಸಂವಾದಗಳಲ್ಲಿ ನೋಡುಗರು ಎದ್ದು ನಿಂತು ಪ್ರಶ್ನೆ ಕೇಳುತ್ತಿದ್ದರು. ಅಂಥ ನೋಡುಗರು ಇನ್ನೂ ಇದ್ದಾರೆ.

ಅವರು ಈಗ ಹಳೆಯದು ಮೇಲೋ ಹೊಸದು ಮೇಲೋ ಎಂಬ ಜಗಳ ಬಿಟ್ಟು ವಾಹಿನಿಗಳನ್ನು ಕೇಳಬೇಕಾದದ್ದು ಬೇರೆ. ಕೋರ್ಟ್ ಕಥೆ ಮಾಡುವ ತಂಡದಲ್ಲಿ ವಕೀಲಿ ಮಾಡುತ್ತಿರುವ ಒಬ್ಬರು ಬರೆಯುವ ಮೇಜಿನಲ್ಲೇ ಕೂರಬೇಕು, ಚಿತ್ರೀಕರಣದ ದಿನ ಫೋನಿನಲ್ಲಿ ಸಲಹೆ ಕೊಟ್ಟರೆ ಸಾಲದು. ಒಂದು ಮೊಕದ್ದಮೆ ಎಷ್ಟು ಸಂಚಿಕೆಗೆ ಮುಗಿಯುತ್ತದೆಂಬುದು ಪ್ರಸಾರ ಶುರುವಾಗುವ ಮುನ್ನವೇ ತೀರ್ಮಾನವಾಗಿರಬೇಕು. ಮತ್ತು ಮೊದಲು ಬರೆಯಬೇಕಾದದ್ದು ಎದುರು ವಕೀಲನ ವಾದವನ್ನು. ಅದನ್ನು ಮುರಿಯುವ ದಾರಿ ಬರೆದವರಿಗೇ ತಕ್ಷಣ ಹೊಳೆಯದಷ್ಟು ಬಿಗಿಯಾಗಿ. ಬಾಣೆಯ ಕೇಸು ನಡೆಸಿದ ವಕೀಲರು ಮಡಿಕೇರಿಯಲ್ಲೂ ವಿರಾಜಪೇಟೆಯಲ್ಲೂ ಸಿಗುತ್ತಾರೆ. ಎರಡೂ ಕಡೆ ವಕಾಲತ್ತು ಹಾಕಿದವರನ್ನು ಹುಡುಕಿ, ಒಂದೇ ಕೋಣೆಯಲ್ಲಿ ಕೂರಿಸಿ, ಬರೆಯುವವರು ಕೇಳಿಸಿಕೊಳ್ಳಲಿ.