ಪಾಳುಬಿದ್ದ ತರಂಗ ಯಾರಪ್ಪನ ಸ್ವತ್ತು?



ಟೊಮೆಟೊ ಕ್ರೇಟು ತುಂಬಿ ಲಾರಿಗೆ ಹಾಕುವ ಮುಂಚೆ ನಮಗೆ ತಿಳಿಯಬೇಕಾದ್ದು ಒಂದೇ: ಇವತ್ತು ಕೋಲಾರದ ಮಂಡಿಯಲ್ಲಿ ಧಾರಣೆ ಎಷ್ಟು? ದಲ್ಲಾಳಿಗೆ ಅದು ಕೂತಲ್ಲೇ ಗೊತ್ತು. ನಾವು ಮಾತ್ರ ಮೊಬೈಲ್ ಹಿಡಿದು ದಿಬ್ಬ ಹತ್ತಬೇಕು. ಬೆಳೆ ಸಮೀಕ್ಷೆ, ಬೆಳೆ ವಿಮೆ, ಪಹಣಿ, ಬೆಂಬಲ ಬೆಲೆಯ ನೋಂದಣಿ ಎಲ್ಲವನ್ನೂ ಸರ್ಕಾರ ಇಂಟರ್‌ನೆಟ್ಟಿಗೆ ಹಾಕಿ ಕೈತೊಳೆದುಕೊಂಡಿದೆ. ಎಷ್ಟೋ ಹಳ್ಳಿಗಳಲ್ಲಿ ಆ ಇಂಟರ್‌ನೆಟ್ಟೇ ನೆಟ್ಟಗೆ ಸಿಗೋದಿಲ್ಲ. ದಿನ ತಪ್ಪಿದರೆ ನೋಂದಣಿ ಇಲ್ಲ. ನೋಂದಣಿ ಇಲ್ಲದಿದ್ದರೆ ರಾಗಿ ದಲ್ಲಾಳಿ ಕೇಳಿದ ರೇಟಿಗೆ. ಆ ನಷ್ಟ ನಮ್ಮ ಸಾಲದ ಲೆಕ್ಕಕ್ಕೆ.

ಯಾಕೆ ಸಿಗೋದಿಲ್ಲ ಅಂದರೆ ಕಂಪನಿಯವರು "ಖರ್ಚು ಗಿಟ್ಟೋದಿಲ್ಲ" ಅಂತಾರೆ. ಸರಿ, ಅವರಿಗೆ ಗಿಟ್ಟದ ಕಡೆ ರೇಡಿಯೋ ತರಂಗ ಏನು ಮಾಡುತ್ತಿದೆ? ಪಾಳು ಬಿದ್ದಿದೆ.

ಮೆಗಾಹರ್ಟ್ಸ್ ಅಂದರೆ ತರಂಗದ ಸರ್ವೆ ನಂಬರ್ ಇದ್ದ ಹಾಗೆ. 700 ಮೆಗಾಹರ್ಟ್ಸ್‌ನ ತರಂಗ ದೂರ ಹೋಗುತ್ತದೆ, ಗೋಡೆ ದಾಟುತ್ತದೆ. ಹಳ್ಳಿಗೆ ಹೇಳಿ ಮಾಡಿಸಿದ್ದು. ಅದನ್ನು 2016ರಲ್ಲಿ ಹರಾಜಿಗಿಟ್ಟರು, 2021ರಲ್ಲಿ ಮತ್ತೆ ಇಟ್ಟರು. ಎರಡು ಸಲವೂ ಒಬ್ಬನೂ ಸವಾಲು ಕೂಗಲಿಲ್ಲ. ಕನಿಷ್ಠ ಬೆಲೆ ವಿಪರೀತ ಎಂಬುದು ಕಂಪನಿಗಳ ದೂರು. ರಾಗಿಗೆ ಕನಿಷ್ಠ ಬೆಲೆ ಕೊಡಿ ಅಂದರೆ ಮುಷ್ಟಿ ಬಿಗಿಹಿಡಿಯುವ ಸರ್ಕಾರ ಗಾಳಿಗೆ ಮಾತ್ರ ಎಂಥ ಬೆಲೆ ಕಟ್ಟುತ್ತದೆ ನೋಡಿ! 2024ರಲ್ಲೂ ಸುಮಾರು 96 ಸಾವಿರ ಕೋಟಿ ರೂಪಾಯಿಯ ತರಂಗ ಹರಾಜಿಗಿಟ್ಟರು. ಬಿಕರಿಯಾದದ್ದು 11 ಸಾವಿರ ಕೋಟಿ ಚಿಲ್ಲರೆಯದು. ತರಂಗವೇನು ರಾಗಿಯಲ್ಲ, ಹಗೇವಿನಲ್ಲಿಟ್ಟು ಮುಂದಿನ ವರ್ಷ ತೆಗೆಯೋದಕ್ಕೆ. ಇವತ್ತು ಬಳಸದ್ದು ಇವತ್ತೇ ಹೋಯಿತು.

ಟಿ.ವಿ. ತರಂಗದ ಕತೆಯೂ ಇದೇ. ಮುಂಬೈ ಐಐಟಿಯ ಸಂಶೋಧಕರು 2014ರಲ್ಲಿ ಕೊಟ್ಟ ಲೆಕ್ಕದಂತೆ, 470ರಿಂದ 590 ಮೆಗಾಹರ್ಟ್ಸ್ ನಡುವಿನ 15 ಚಾನೆಲ್‌ಗಳಲ್ಲಿ 12 ದೇಶದ ಬಹುತೇಕ ಎಲ್ಲ ಕಡೆ ಖಾಲಿ. ಮಹಾರಾಷ್ಟ್ರದ ಪಾಲ್ಘರ್ ಕಡೆಯ ಹಳ್ಳಿಗಳಲ್ಲಿ ಆ ಖಾಲಿ ತರಂಗದ ಮೇಲೆ ಇಂಟರ್‌ನೆಟ್ ಹರಿಸಿಯೂ ತೋರಿಸಿದರು. ಆಮೇಲೆ ದೂರದರ್ಶನ ತನ್ನ ಹಳೆಯ ಟ್ರಾನ್ಸ್‌ಮಿಟರ್‌ಗಳಲ್ಲಿ ಬಹುಪಾಲನ್ನು ಮುಚ್ಚಿತು. ಖಾಲಿ ಜಾಗ ಇನ್ನಷ್ಟು ಹೆಚ್ಚಿತು; ಪ್ರಯೋಗ ಮಾತ್ರ ಪ್ರಯೋಗವಾಗಿಯೇ ಉಳಿಯಿತು. ಅಮೆರಿಕ 2010ರಲ್ಲಿ, ಬ್ರಿಟನ್ 2015ರಲ್ಲಿ ಇಂಥ ತರಂಗವನ್ನು ಲೈಸೆನ್ಸಿಲ್ಲದೆ ಬಳಸಲು ನಿಯಮ ಮಾಡಿಕೊಟ್ಟವು.

ಎಲ್ಲರಿಗೂ ಬಿಟ್ಟರೆ ಗೊಂದಲ ಆಗೋದಿಲ್ಲವೆ? ನ್ಯಾಯವಾದ ಪ್ರಶ್ನೆ. ಕೆರೆ ತೂಬನ್ನು ಕಂಡಕಂಡವರು ಎತ್ತಿದರೆ ಕೊನೆಯ ಗದ್ದೆಗೆ ನೀರಿಲ್ಲ. ಅದಕ್ಕೇ ನೀರುಗಂಟಿ ಇರೋದು. ಆ ದೇಶಗಳು ಮಾಡಿದ ನಿಯಮದಂತೆ ಯಾವ ಜಾಗದಲ್ಲಿ ಯಾವ ಚಾನೆಲ್ ಯಾರದ್ದು ಎಂಬ ಪಹಣಿ ಕಂಪ್ಯೂಟರಿನಲ್ಲಿರಬೇಕು. ಯಂತ್ರ ತಾನಿರುವ ಜಾಗ ಹೇಳಿ, ಪಹಣಿ ನೋಡಿ, ಖಾಲಿ ಇದ್ದರೆ ಮಾತ್ರ, ಹೇಳಿದಷ್ಟೇ ಶಕ್ತಿಯಲ್ಲಿ ಕೆಲಸ ಮಾಡಬೇಕು. ಹಕ್ಕುದಾರ ಬಂದರೆ ಜಾಗ ಬಿಡಬೇಕು. ಗೋಮಾಳದಲ್ಲಿ ದನ ಮೇಯಿಸಬಹುದು, ಬೇಲಿ ಹಾಕುವ ಹಾಗಿಲ್ಲ. ಅಷ್ಟೇ ನಿಯಮ. ನಮ್ಮಲ್ಲೂ ವೈಫೈ ಓಡುವ 2.4 ಗಿಗಾಹರ್ಟ್ಸ್ ತರಂಗಕ್ಕೆ 2005ರಲ್ಲೇ ಲೈಸೆನ್ಸ್ ತೆಗೆದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ತರಂಗ ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಸರ್ಕಾರ ಜನರ ಪರವಾಗಿ ಅದರ ಒಡೆಯ ಎಂದು 2023ರ ದೂರಸಂಪರ್ಕ ಕಾಯ್ದೆ ಬರೆದುಕೊಂಡಿದೆ. ಪಡೆದವರು ಸಕಾರಣವಿಲ್ಲದೆ ಬಳಸದಿದ್ದರೆ ವಾಪಸು ಪಡೆಯಬಹುದು ಎಂದೂ ಹೇಳಿದೆ. ರೈತ ಕಂತು ತಪ್ಪಿಸಿದರೆ ನೋಟೀಸು ಮನೆ ಬಾಗಿಲಿಗೆ ಬರುತ್ತದೆ. ತರಂಗ ಪಾಳುಗೆಡವಿದವರ ಬಾಗಿಲಿಗೆ ಯಾರು ಹೋಗಬೇಕು?

ನಮ್ಮ ಬೇಡಿಕೆ ಮೂರು. ತಾಲ್ಲೂಕುವಾರು ಖಾಲಿ ತರಂಗದ ಪಹಣಿ ಪ್ರಕಟಿಸಿ. ಖಾಲಿ ಇರುವುದನ್ನು ನಿಯಮ ಕಟ್ಟಿ ಗ್ರಾಮ ಪಂಚಾಯ್ತಿ, ಸಹಕಾರ ಸಂಘ, ಊರ ಹುಡುಗರ ಬಳಕೆಗೆ ಬಿಡಿ. ಯಾವ ಕಂಪನಿಗೂ ಬೇಲಿ ಹಾಕಲು ಬಿಡಬೇಡಿ. ಪಂಚಾಯ್ತಿಗೆ ಎಳೆದ ಭಾರತ್‌ನೆಟ್ ತಂತಿ ಸದಾ ಜೀವಂತ ಇರುವಂತೆ ನೋಡಿಕೊಳ್ಳಿ. ಕೆರೆ ಬತ್ತಿದ್ದರೆ ಕಾಲುವೆ ತೋಡಿ ಫಲವಿಲ್ಲ.

ತರಂಗ ಬಂದ ಮಾತ್ರಕ್ಕೆ ಬೆಲೆ ಬರೋದಿಲ್ಲ, ಬೆಲೆಗೆ ಹೋರಾಟವೇ ಬೇಕು. ಆದರೆ ಧಾರಣೆ ಗೊತ್ತಿಲ್ಲದವನು ಚೌಕಾಸಿ ಮಾಡಲಾರ. ಮುಂದಿನ ಗ್ರಾಮಸಭೆಯಲ್ಲಿ ಈ ಮೂರಕ್ಕೂ ಠರಾವು ಮಾಡಿ, ಒಂದು ಪ್ರತಿಯನ್ನು ನಿಮ್ಮ ಸಂಸದರ ಕೈಗೆ ಕೊಟ್ಟು ರಸೀದಿ ತೆಗೆದುಕೊಳ್ಳಿ.